ಕೊಟ್ಟವನ ಹೆಸರು

ಆಳಂದ
ಸೋಮವಾರ, ೧೪ ಜನವರಿ ೧೯೪೬

ಪ್ರೀತಿಯ ಮಗಳು ಖಾಸೀಂಬಿಗೆ ನಿನ್ನ ಕಾಕಾ ಲಾಡ್ಲೆಸಾಬನ ಸಲಾಮು, ಮನಸಾರೆ ದುವಾ.

ಹೇಗಿದ್ದೀ ಮಗಳೇ? ಮಗುವಿನ ಕೆಮ್ಮು ಹೋಯಿತೇ? ಸೊಲ್ಲಾಪುರದ ಗಿರಣಿಗಳ ಹೊಗೆ ಎಳೆಯ ಎದೆಗೆ ಒಳ್ಳೆಯದಲ್ಲ. ಬೆಳಗಿನ ಹೊತ್ತು ಕಿವಿಗೆ ಬಟ್ಟೆ ಕಟ್ಟದೆ ಹೊರಗೆ ಬಿಡಬೇಡ. ಅಳಿಯಂದಿರ ಹೊಲಿಗೆ ಅಂಗಡಿ ಚೆನ್ನಾಗಿ ನಡೆದಿದೆ ಎಂದು ಕಳೆದ ಸಲ ಬರೆದಿದ್ದೆ, ಓದಿ ಸಂತೋಷವಾಯಿತು. ಇಲ್ಲಿ ಈ ಸಲ ಚಳಿ ಹೆಚ್ಚು. ಚಳಿ ಹೆಚ್ಚಾದರೆ ನಮ್ಮಂಥ ಪಿಂಜಾರರಿಗೆ ಕೆಲಸವೂ ಹೆಚ್ಚು, ಎಲ್ಲರಿಗೂ ಗಾದಿ ಬೇಕು. ಆದರೆ ಹತ್ತಿ ಹಿಂಜುವ ಬಿಲ್ಲನ್ನು ಈಗ ನಾನು ಹೊರುವುದಿಲ್ಲ, ನನ್ನ ಮಗ, ನಿನ್ನ ತಮ್ಮ ಬಂದೇನವಾಜನೇ ಹೊರುತ್ತಾನೆ. ನಾನು ಕಟ್ಟೆಯ ಮೇಲೆ ಕುಳಿತು ಅಂಚು ಹೊಲಿಯುತ್ತೇನೆ. ಅವನ ಮಗಳು ಪೀರಂಬಿಗೆ ಒಂಬತ್ತು ತುಂಬಿತು. ನಿನ್ನ ಹಾಗೆಯೇ ಹಿಂಜಿದ ಹತ್ತಿಯ ರಾಶಿ ಕಂಡರೆ ಹಾರಿ ಬೀಳುತ್ತಾಳೆ, ನಿನ್ನ ಹಾಗೆಯೇ ಬೈಸಿಕೊಳ್ಳುತ್ತಾಳೆ. ನಿನ್ನ ಚಿಗವ್ವನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ಇಲ್ಲ. ಇವತ್ತು ಸಂಕ್ರಾಂತಿ ಅಲ್ಲವೇ, ಪಕ್ಕದ ಮನೆಯ ಸುಭದ್ರಾಬಾಯಿ ಕುಸುರೆಳ್ಳು ತಂದುಕೊಟ್ಟು, “ನಮ್ಮ ಖಾಸೀಂಬಿ ಯಾವಾಗ ಬರ್ತಾಳ್ರಿ?” ಎಂದು ಕೇಳಿದರು. ಅವರು ಹೋದ ಮೇಲೆ ನನಗೆ ಅಂಚು ಹೊಲಿಯಲು ಮನಸ್ಸಾಗಲಿಲ್ಲ. ಅಯ್ಯನ ಮಠದಲ್ಲಿ ಕಲಿತ ನಾಲ್ಕಕ್ಷರ ಇಂಥ ದಿನಕ್ಕೇ ಇರಬೇಕು ಎಂದು ಕಾಗದ ಹಿಡಿದು ಕುಳಿತೆ.

ಅಫಜಲಪುರದ ಆ ನಿಕಾಹಿನ ಸಂಗತಿಯಲ್ಲಿ ನಿನಗೆ ಗೊತ್ತಿರುವುದು ನಿನ್ನ ಕಡೆಯ ಅರ್ಧ. ನನ್ನ ಕಡೆಯದನ್ನು ನಾನು ಬಾಯಿಬಿಟ್ಟು ಹೇಳಿದವನಲ್ಲ. ನಿನ್ನ ಅಪ್ಪ, ನನ್ನ ಅಣ್ಣ ಚಾಂದಪಾಶಾ, ವಾಂತಿಭೇದಿಯಲ್ಲಿ ತೀರಿಕೊಂಡಾಗ ನಿನಗೆ ಐದು ವರ್ಷ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಆ ಮಧ್ಯಾಹ್ನ ಅಣ್ಣನ ಹಾಸಿಗೆಯ ಹತ್ತಿರ ಇದ್ದವರು ಇಬ್ಬರೇ: ನಾನು, ಮತ್ತು ಅಫಜಲಪುರದಿಂದ ಬಂದಿದ್ದ ನಿನ್ನ ಚಿಗವ್ವನ ಅಣ್ಣ ಮೈಬೂಸಾಬ. ಅಣ್ಣ ನಮ್ಮಿಬ್ಬರನ್ನೂ ನೋಡಿ, “ನನ್ನ ಮಗಳು ಪರರ ಪಾಲಾಗಬಾರ್ದು. ಮೈಬೂ, ಆಕಿ ನಿನ್ನ ಮನಿಗೇ ಸೊಸಿಯಾಗಿ ಬರ್ಲಿ” ಎಂದ. ಮೈಬೂಸಾಬ ಚಿಟಿಕೆ ಸಕ್ಕರೆ ತಂದು ಅಣ್ಣನ ತುಟಿಗೆ ಮುಟ್ಟಿಸಿದ. ಅಷ್ಟೇ. ಕಾಜಿ ಇರಲಿಲ್ಲ, ಸಾಕ್ಷಿ ಇರಲಿಲ್ಲ, ಯಾವ ಓದೂ ಆಗಲಿಲ್ಲ. ಸಂಜೆಯೊಳಗೆ ಅಣ್ಣ ಹೋದ.

ಎರಡು ವರ್ಷ ಕಳೆದ ಮೇಲೆ ಮೈಬೂಸಾಬ ಮಾತು ನೆನಪಿಸಿದ. ಅಣ್ಣನ ಮಾತು ಉಳಿಸಿದರೆ ಅವನ ಋಣ ತೀರಿತು ಎಂದುಕೊಂಡೆ. ಬಂಡಿ ಕಟ್ಟಿಕೊಂಡು ನಿನ್ನನ್ನು ಅಫಜಲಪುರಕ್ಕೆ ಕರೆದೊಯ್ದೆ. ಬಂಡಿಯಲ್ಲಿ ನೀನು ಹತ್ತಿಯ ಗಂಟಿನ ಮೇಲೆ ಕುಳಿತು ದಾರಿಯುದ್ದಕ್ಕೂ ಬಾಯಲ್ಲೇ ಬಿಲ್ಲಿನ ಸಪ್ಪಳ ಮಾಡುತ್ತಿದ್ದೆ, ಟಣ್ ಟಣ್ ಎಂದು. ಭೀಮೆಯ ನೀರು ಕಂಡು ಎದ್ದು ನಿಂತು ಕೈ ತಟ್ಟಿದೆ. ಕಾಜಿಸಾಹೇಬರು ನಿಕಾಹ್ ಓದುವಾಗ ನೀನು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಏಳು ವರ್ಷದ ಮಗು. ಮೈಬೂಸಾಬನ ಮಗನಿಗೆ ಆಗಲೇ ಇಪ್ಪತ್ತು. “ಹುಡಗೀನ ಕೊಡಾವ್ರು ಯಾರು?” ಎಂದು ಕಾಜಿಸಾಹೇಬರು ಕೇಳಿದರು. “ನಾ ಆಕಿ ಕಾಕಾ ಅದೀನ್ರಿ, ನಾ ಕೊಡ್ತೀನಿ” ಎಂದೆ. ನಿನ್ನನ್ನು ಎಬ್ಬಿಸಲಿಲ್ಲ. ಎಬ್ಬಿಸಬೇಕು ಎಂದು ನನಗೂ ಅನ್ನಿಸಲಿಲ್ಲ, ಅಲ್ಲಿದ್ದವರಿಗೂ ಅನ್ನಿಸಲಿಲ್ಲ.

ದೊಡ್ಡವಳಾದ ಮೇಲೆ ಕಳಿಸುವುದು ಎಂದು ಮಾತಾಗಿದ್ದರಿಂದ ನೀನು ಮತ್ತೆ ಆರು ವರ್ಷ ನಮ್ಮಲ್ಲೇ ಉಳಿದೆ. ಮಗಳೇ, ನನ್ನ ಆಯುಷ್ಯದಲ್ಲಿ ಆ ಆರು ವರ್ಷಕ್ಕೆ ಸರಿಯಾದದ್ದು ಇನ್ನೊಂದಿಲ್ಲ. ಖಜೂರಿಗೆ, ಭೂಸನೂರಿಗೆ ಗಾದಿ ತುಂಬಲು ಹೋದಲ್ಲೆಲ್ಲ ನೀನು ಜೊತೆಗೆ. ನಾನು ಬಿಲ್ಲು ಮೀಟಿದರೆ ನೀನು ಹಾರುವ ಹತ್ತಿಯನ್ನು ಗದ್ದಕ್ಕೆ ಅಂಟಿಸಿಕೊಂಡು ಮುಲ್ಲಾಸಾಹೇಬರ ಹಾಗೆ ನಡೆದು ತೋರಿಸುತ್ತಿದ್ದೆ. ಊಟಕ್ಕೆ ಕುಳಿತರೆ ರೊಟ್ಟಿಯ ನಡುವಿನ ಮೆತ್ತನೆಯ ಭಾಗ ನಿನಗೆ, ಸುತ್ತಿನ ಕಟಕಲು ನನಗೆ. ನೆಲದ ಮೇಲೆ ಬೂದಿ ಹರಡಿ ನಿನಗೆ ಅ, ಆ ತಿದ್ದಿಸಿದೆ. ನಿನ್ನ ಹೆಸರು ಬರೆಯಲು ನೀನು ಕಲಿತ ದಿನ ಮನೆಯ ಎಲ್ಲ ಗೋಡೆಗಳ ಮೇಲೂ ಇದ್ದಿಲಿನಲ್ಲಿ ಬರೆದಿದ್ದೆ. ಚಿಗವ್ವ ಬೈದಳು, ಒಂದು ಗೋಡೆಯದನ್ನು ಮಾತ್ರ ಅಳಿಸಲಿಲ್ಲ.

ಆಮೇಲೆ ಆ ಬೆಳಗು ಬಂತು. ನಾನು ಅಂಗಳದಲ್ಲಿ ಬಿಲ್ಲಿಗೆ ಹೊಸ ನರ ಬಿಗಿಯುತ್ತಿದ್ದೆ. ನಮ್ಮ ಓಣಿಯ ಮಲ್ಕಪ್ಪ ಗಾದಿಗೆಂದು ಹತ್ತಿ ತಂದು ಕುಳಿತಿದ್ದ. ಚಿಗವ್ವ ಸುಭದ್ರಾಬಾಯಿಯನ್ನು ಒಳಗೆ ಕರೆಸಿಕೊಂಡಿದ್ದಳು, ನೀನು ದೊಡ್ಡವಳಾಗಿದ್ದೆ. ಹೆಂಗಸರ ಸಂಗತಿ ಎಂದು ನಾನು ತಲೆ ಎತ್ತಿರಲಿಲ್ಲ. ನೀನು ಹೊಸಿಲಿಗೆ ಬಂದು ನಿಂತೆ. “ಕಾಕಾ, ಅಫಜಲಪುರದ ನಿಕಾ ನನಗ ಬ್ಯಾಡ. ನಾ ಒಪ್ಪಂಗಿಲ್ಲ. ನೀವೂ ಕೇಳ್ರಿ, ಮಲ್ಕಪ್ಪ ಮಾಮಾನೂ ಕೇಳ್ಲಿ, ಸುಭದ್ರಾಬಾಯಿನೂ ಕೇಳ್ಲಿ.” ನಾನು ಎದ್ದು ಕೈ ಎತ್ತಿದ್ದೆ. ಅದು ನಿನಗೆ ನೆನಪಿರುತ್ತದೆ, ನನಗೂ ಇದೆ. ಮಲ್ಕಪ್ಪ ನನ್ನ ಕೈ ಹಿಡಿದ. “ಯಾರು ಕಲಿಸ್ಯಾರ ನಿನಗ ಇದನ್ನ?” ಎಂದು ಕೂಗಿದೆ. ಒಳಗೆ ಚಿಗವ್ವ ಒಲೆ ಊದುತ್ತಲೇ ಇದ್ದಳು.

ನಿನ್ನನ್ನು ಸುಮ್ಮನಾಗಿಸಲಿ ಎಂದೇ ನಾನು ನಮ್ಮೂರ ಕಾಜಿಸಾಹೇಬರ ಹತ್ತಿರ ಹೋದೆ. ಅವರು ಬೈಯಲಿಲ್ಲ. ಕಿತಾಬು ತೆಗೆದು ನಿಧಾನವಾಗಿ ತಿಳಿಸಿದರು: ತಂದೆಯೋ ತಂದೆಯ ತಂದೆಯೋ ಕೊಟ್ಟಿದ್ದರೆ ಹುಡುಗಿ ಆಮೇಲೆ ಬೇಡ ಎನ್ನುವಂತಿಲ್ಲ. ಕಾಕಾನಂಥ ಬೇರೆ ಹಿರಿಯರು ಕೊಟ್ಟಿದ್ದರೆ, ದೊಡ್ಡವಳಾದ ಕೂಡಲೇ ಬೇಡ ಎನ್ನುವ ಹಕ್ಕು ಅವಳಿಗೆ ಇದೆ. ಕೂಡಲೇ ಅನ್ನಬೇಕು, ಸುಮ್ಮನಿದ್ದರೆ ಒಪ್ಪಿದ ಹಾಗೆ. “ಹುಡಗಿ ಹೇಳಿದ್ದು ಸರಿ ಅದ ಲಾಡ್ಲೆಸಾಬ. ಆದ್ರ ನಾ ಮಸಲಾ, ಕಿತಾಬಿನ ನಿಯಮ, ಹೇಳಬಲ್ಲೆ, ಬಿಡಿಸೋ ಹುಕುಂ ನನ್ನ ಕೈಯಾಗಿಲ್ಲ. ಅದಕ್ಕ ಅದಾಲತ್ತಿಗೆ ಹೋಗ್ರಿ” ಎಂದರು. ನಮ್ಮ ಧರ್ಮದ ಶರಾ ಒಂದು ಕಡೆ, ಸರಕಾರದ ಕಚೇರಿ ಇನ್ನೊಂದು ಕಡೆ ಎಂದು ತಿಳಿದಿದ್ದ ನನಗೆ ಎರಡೂ ಒಂದೇ ಬಾಗಿಲಲ್ಲಿ ಬಂದು ಸೇರುತ್ತವೆ ಎಂದು ಗೊತ್ತಾದದ್ದು ಆವತ್ತು.

ಮನೆಗೆ ಬಂದರೆ ನೀನು ಮೂರು ಹೊತ್ತಿನಿಂದ ಊಟ ಬಿಟ್ಟಿದ್ದೆ. ನಿನಗಾಗಿಯೋ, ನಿನ್ನ ಹಟ ತೀರಲಿ ಎಂದೋ, ವಕೀಲ ಅಣ್ಣಾರಾಯರ ಮನೆಗೆ ಹೋದೆ. ಅರ್ಜಿ ಬಿತ್ತು. ಮೈಬೂಸಾಬ ಅದಾಲತ್ತಿನಲ್ಲಿ ಉತ್ತರ ಕೊಟ್ಟ. ಚಾಂದಪಾಶಾ ಸಾಯುವ ಮೊದಲು ತಾನೇ ನಿಕಾಹ್ ಓದಿಸಿದ್ದ, ಎರಡು ವರ್ಷದ ಮೇಲೆ ನಡೆದದ್ದು ಬರೀ ಊಟದ ಸಂಭ್ರಮ ಎಂದು ಅವನು ಬರೆಸಿದ್ದ. ನಿಕಾಹ್ ಓದಿದ್ದ ಕಾಜಿಸಾಹೇಬರು ತೀರಿಕೊಂಡಿದ್ದರು, ಆ ವರ್ಷಗಳ ದಫ್ತರು ಗೆದ್ದಲಿನ ಪಾಲಾಗಿತ್ತು. ಊಟಕ್ಕೆ ಬಂದಿದ್ದವರೆಲ್ಲ ಅವನ ಕಡೆಯವರು. ಅಣ್ಣನ ಹಾಸಿಗೆಯ ಹತ್ತಿರ ಇದ್ದವರು ಅವನು, ನಾನು ಇಬ್ಬರೇ. ಅವನ ಮಾತಿಗೆ ನನ್ನ ಮಾತೇ ಎದುರು.

ಸಂತೆಯ ದಿನ ಅವನು ನನ್ನನ್ನು ಬೇವಿನ ಮರದ ಕೆಳಗೆ ಹಿಡಿದ. ಜಗಳ ಮಾಡಲಿಲ್ಲ, ಹೆಗಲ ಮೇಲೆ ಕೈ ಇಟ್ಟ. “ಒಂದ ಮಾತು ಹೇಳು ಸಾಕು, ನಿನ್ನ ಅಣ್ಣನೇ ನಿಕಾ ಓದಿಸಿದ್ದ ಅಂತ. ನಿನ್ನ ಮ್ಯಾಲೂ ಬರಂಗಿಲ್ಲ, ನನ್ನ ಮ್ಯಾಲೂ ಬರಂಗಿಲ್ಲ. ಸತ್ತಾಂವಗ ಏನ್ ಆಗ್ತದ? ಇಲ್ಲಂದ್ರ ನನ್ನ ತಂಗಿಗೆ ತವರಿನ ಬಾಗಲಾ ಮುಚ್ಚಿತು, ತಿಳ್ಕೋ.” ಸುಳ್ಳು ಏಕೆ ಹೇಳಲಿ, ನನ್ನ ಮನಸ್ಸು ವಾಲಿತು. ಅಣ್ಣನ ಮಾತೂ ಉಳಿಯುತ್ತದೆ, ಹೆಂಡತಿಯ ತವರೂ ಉಳಿಯುತ್ತದೆ, ಅತ್ತು ಅತ್ತು ನೀನೂ ಹೊಂದಿಕೊಳ್ಳುತ್ತೀ ಎನ್ನಿಸಿತು. ಮನೆಗೆ ಬಂದು ಚಿಗವ್ವನಿಗೆ ಎಲ್ಲ ಹೇಳಿ, “ನಿಮ್ಮ ಅಣ್ಣನ ಮನಿ ಮಾತು, ನೀ ಏನಂತಿ?” ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ, “ಖರೇ ಏನದ ಅದನ್ನ ಹೇಳಿ ಬರ್ರಿ” ಎಂದಳು. ಅಷ್ಟು ಹೇಳಿ ಮತ್ತೆ ಕೇರತೊಡಗಿದಳು.

ಅದಾಲತ್ತಿನಲ್ಲಿ ಎಲ್ಲವೂ ಉರ್ದು ಬರಹ. ಮುನ್ಸಿಫರ ಬಲಕ್ಕೆ ಕುಳಿತ ಗುಮಾಸ್ತರು ನಮ್ಮ ಕನ್ನಡವನ್ನು ಉರ್ದು ಮಾಡಿ ಬರೆದುಕೊಳ್ಳುತ್ತಿದ್ದರು. ಮೊದಲು ಮಲ್ಕಪ್ಪ, ಸುಭದ್ರಾಬಾಯಿ ನಿಂತು ನೀನು ಹೊಸಿಲಲ್ಲಿ ಹೇಳಿದ್ದನ್ನು ಹೇಳಿದರು. ಮುಸಲ್ಮಾನರ ನಿಕಾಹಿಗೆ ಇವರ ಸಾಕ್ಷಿ ಹೇಗೆ ಎಂದು ಆ ಕಡೆಯ ವಕೀಲರು ಎದ್ದರು. ಕಾನೂನು ಶರಾದ್ದು, ಆದರೆ ಈ ಅದಾಲತ್ತಿನಲ್ಲಿ ಕಣ್ಣಾರೆ ಕಂಡವರು, ಕಿವಿಯಾರೆ ಕೇಳಿದವರು ಯಾರೇ ಆದರೂ ಸಾಕ್ಷಿ ಎಂದು ಮುನ್ಸಿಫರು ಅವರನ್ನು ಕೂರಿಸಿದರು. ಆಮೇಲೆ ನನ್ನ ಸರದಿ. ಕುರಾನಿನ ಮೇಲೆ ಕೈ ಇಡಿಸಿ, ಹುಡುಗಿಯನ್ನು ಕೊಟ್ಟವರು ಯಾರು ಎಂದು ಕೇಳಿದರು. ಎದುರಿಗೆ ಮೈಬೂಸಾಬ. ಹಿಂದೆ, ಪರದೆಯ ಆಚೆ, ನೀನು ಮತ್ತು ಚಿಗವ್ವ. ಆ ಪರದೆಯ ಕಡೆ ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ಕೆಳಗೆ ನಿನ್ನ ಪಾದ ಮಾತ್ರ ಕಾಣುತ್ತಿತ್ತು. ನನ್ನ ತೊಡೆಯ ಮೇಲೆ ಮಲಗಿದ್ದಾಗ ಧೂಳು ಮೆತ್ತಿದ್ದ ಅದೇ ಪಾದ ಎನ್ನಿಸಿತು.

“ಮಾತು ಅಣ್ಣ ಕೊಟ್ಟಾನ್ರಿ. ಹುಡಗೀನ ಕೊಟ್ಟಾಂವ ನಾ. ಅಣ್ಣ ಮಣ್ಣಾಗಿ ಎರಡು ವರ್ಷ ಆಗಿತ್ರಿ” ಎಂದೆ.

ಗುಮಾಸ್ತರು ಅದನ್ನು ಬರೆದು ಓದಿ ಹೇಳಿದರು. ನನ್ನ ಹೆಸರನ್ನು ಕನ್ನಡದಲ್ಲೇ ರುಜು ಮಾಡಿದೆ. ಮುಂದಿನ ತಾರೀಖಿಗೆ ಹುಕುಂ ಆಯಿತು: ಮಾತು ಕೊಟ್ಟದ್ದು ನಿಕಾಹ್ ಅಲ್ಲ, ಕಾಕಾ ಕೊಟ್ಟ ನಿಕಾಹನ್ನು ಹುಡುಗಿ ಸಮಯಕ್ಕೆ ಸರಿಯಾಗಿ ಬೇಡ ಎಂದಿದ್ದಾಳೆ, ಅದು ಮುರಿದಿದೆ. ಕಚೇರಿಯ ಮೆಟ್ಟಿಲು ಇಳಿಯುವಾಗ ನೀನು ನನ್ನ ಪಂಚೆಯ ಚುಂಗು ಹಿಡಿದುಕೊಂಡೆ. ಹದಿಮೂರು ವರ್ಷದವಳು ಐದು ವರ್ಷದವಳ ಹಾಗೆ.

ಮೈಬೂಸಾಬ ಹೇಳಿದಂತೆಯೇ ಮಾಡಿದ. ನಿನ್ನ ಚಿಗವ್ವನ ತಾಯಿ ಹೋದದ್ದು ನಮಗೆ ತಿಳಿದದ್ದು ಮಣ್ಣಾದ ಮೂರು ದಿನಕ್ಕೆ. ಅವಳು ಅಫಜಲಪುರದ ದಿಕ್ಕಿಗೆ ಮುಖ ಮಾಡಿ ಅತ್ತು, ಎದ್ದು ಒಲೆ ಹಚ್ಚಿದಳು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ನನ್ನನ್ನು ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳ ಸಿಟ್ಟು ಎಂದು ನಾನು ತಿಳಿದಿದ್ದೆ.

ಮೊನ್ನೆ ಶುಕ್ರವಾರ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಅವಳು ತಾನಾಗಿ ಹೇಳಿದಳು: “ಆವತ್ತು ಹುಡಗಿಗೆ ಹೇಳಿಕೊಟ್ಟಾಕಿ ನಾನ.” ನನ್ನ ಕೈ ನಿಂತಿತು. ಆ ವರ್ಷ ಮೊಹರಮ್ಮಿಗೆ ತವರಿಗೆ ಹೋದಾಗ ತನ್ನ ಅಣ್ಣನ ಮಗ ಸೊನ್ನ ಗ್ರಾಮದಿಂದ ಇನ್ನೊಬ್ಬ ಹೆಂಡತಿಯನ್ನು ತಂದದ್ದನ್ನು, ಅವಳ ಕೈ ಮುರಿದು ತವರಿಗೆ ಅಟ್ಟಿದ್ದನ್ನು ಚಿಗವ್ವ ಕಂಡಿದ್ದಳು. ನನಗೆ ಹೇಳಿದರೆ ಅಣ್ಣನ ಮಾತು ಎಂದು ನಾನು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ದರ್ಗಾದಲ್ಲಿ ಮೌಲ್ವಿಗಳ ಉಪದೇಶ ನಡೆದಾಗ ಹೆಂಗಸರ ಕಡೆ ಕುಳಿತು ಈ ಹಕ್ಕಿನ ಮಾತು ಕೇಳಿದಳಂತೆ. ನಾನು ಅದೇ ದಿನ ಹೊರಗೆ ಕುಳಿತು ಯಾರದೋ ಗಾದಿ ಹೊಲಿಯುತ್ತಿದ್ದೆ. ಮನೆಗೆ ಬಂದು ನಿನಗೆ ರೊಟ್ಟಿ ತಟ್ಟುವುದನ್ನು ಕಲಿಸಿದಷ್ಟೇ ಸದ್ದಿಲ್ಲದೆ ಇದನ್ನೂ ಕಲಿಸಿದಳು. ಸುಭದ್ರಾಬಾಯಿಯನ್ನು ಕರೆಸಿದ್ದೂ ಸಾಕ್ಷಿಗೆ. ನೀವಿಬ್ಬರೂ ಸೇರಿ ನನ್ನಿಂದ ಇಷ್ಟು ವರ್ಷ ಮುಚ್ಚಿಟ್ಟಿರಿ. ಇರಲಿ. ನನ್ನಿಂದಾಗಿ ಹೋಯಿತು ಎಂದು ನಾನು ಲೆಕ್ಕ ಹಿಡಿದಿದ್ದ ತವರನ್ನು ಅವಳು ತಾನೇ ಬಿಟ್ಟುಕೊಟ್ಟಿದ್ದಳು.

ನಿನ್ನ ಎರಡನೆಯ ನಿಕಾಹ್ ನೆನಪಾಗುತ್ತದೆ. ಒಳಗಿನಿಂದ ಮೂರು ಸಲವೂ ನೀನು ‘ಒಪ್ಪಿಗಿ ಅದ’ ಎಂದದ್ದು ಅಂಗಳದ ಕೊನೆಗೆ ಕುಳಿತವರಿಗೂ ಕೇಳಿಸಿತು. ಹಿರಿಯರು ನಕ್ಕರು, ಹುಡುಗಿಗೆ ನಾಚಿಕೆ ಇಲ್ಲ ಎಂದರು. ನಾನು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡೆ.

ಅಳಿಯಂದಿರಿಗೆ ಸಲಾಮು. ಮಗುವಿನ ಎರಡೂ ಕೆನ್ನೆಗೆ ಮುತ್ತು. ಚಿಗವ್ವ ದುವಾ ಹೇಳಿದ್ದಾಳೆ. ಸುಭದ್ರಾಬಾಯಿ, ಮಲ್ಕಪ್ಪ ಕೇಳಿದ್ದಾರೆ. ಆ ಪಾಕ ಪರವರದಿಗಾರ ನಿನ್ನ ಮನೆಯ ದೀಪ ಬೆಳಗಿಸುತ್ತಿರಲಿ.

ನಿನ್ನ ಕಾಕಾ,
ಲಾಡ್ಲೆಸಾಬ ಪಿಂಜಾರ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಬಂದೇನವಾಜ ಪೀರಂಬಿಯನ್ನು ಜೇವರ್ಗಿಯ ಒಂದು ಮನೆಗೆ ಕೊಡುತ್ತಿದ್ದಾನೆ. ಬರುವ ಶುಕ್ರವಾರದ ಆಚೆಯ ಶುಕ್ರವಾರ ನಿಕಾಹ್. ಹುಡುಗ ಕೆಟ್ಟವನೋ ಒಳ್ಳೆಯವನೋ ನಮಗೆ ಗೊತ್ತಿಲ್ಲ, ಮಗುವಿಗೆ ಒಂಬತ್ತು. ಕೊಡುವವನು ಸ್ವಂತ ತಂದೆ, ನಾಳೆ ಅವಳು ಬೇಡ ಎನ್ನಲು ಬಾಗಿಲೇ ಇಲ್ಲ. ಚಿಗವ್ವ ಮೊನ್ನೆ ಬಾಯಿಬಿಟ್ಟದ್ದು ಇದಕ್ಕೇ. “ಈ ಸಲ ಹೇಳಿಕೊಡಾಕ ನನ್ನ ಹತ್ರ ಏನೂ ಇಲ್ರಿ” ಎಂದು ಅತ್ತಳು. ನಿಮ್ಮ ಕಡೆ ಇಂಗ್ರೇಜರ ಹೊಸ ಕಾನೂನಿನಲ್ಲಿ ತಂದೆ ಕೊಟ್ಟರೂ ಹುಡುಗಿ ಬಿಡಿಸಿಕೊಳ್ಳಬಹುದಂತೆ. ಅಣ್ಣಾರಾಯರನ್ನು ಕೇಳಿದೆ. “ಅದೆಲ್ಲಾ ಖಜೂರಿ ನಾಕಾದ ಆಚಿಗೆ, ಇಂಗ್ರೇಜರ ಸೀಮಿಗೆ. ನಮ್ಮ ಸಂಸ್ಥಾನದಾಗ ನಡ್ಯಂಗಿಲ್ಲ” ಎಂದರು. ನಾನು ಬೇಡ ಎಂದರೆ ಬಂದೇನವಾಜ, “ನೀ ಏಳು ವರ್ಷದಾಕೀನ ಕೊಟ್ಟಾಂವ, ನನಗ ಹೇಳ್ತಿಯೇನು?” ಎನ್ನುತ್ತಾನೆ. ನಿನ್ನ ಮಾತು ಅವನು ಕೇಳುತ್ತಾನೆ, ನಿನ್ನ ಬೆನ್ನಿನ ಮೇಲೆ ಬೆಳೆದವನು. ಕಾಗದ ಮುಟ್ಟಿದ ದಿನವೇ ಮಗುವನ್ನು ಎತ್ತಿಕೊಂಡು ಹೊರಡು. ಕಾಗದ ಬರೆಯಬೇಡ, ನೀನೇ ಬಾ.