ಲೆಕ್ಕಕ್ಕುಂಟು, ಆಟಕ್ಕಿಲ್ಲ

ನವೆಂಬರ್ 1898

ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರೇ,

ಬರುವ ಸೋಮವಾರದ ಗ್ರೀಕ್ ಪರೀಕ್ಷೆಗೆ ನಾನು ಕೂರುವಂತಿಲ್ಲ ಎಂದು ತಮ್ಮ ಅಪ್ಪಣೆಯಾಗಿದೆ. ನಾನು ವಿದ್ಯಾರ್ಥಿನಿಯಲ್ಲವಂತೆ, ಕಲಾ ವಿಭಾಗಗಳ ಕೊಠಡಿ ಗುಡಿಸುವವಳಂತೆ. ಗುಡಿಸುವವಳು ಎಂಬುದು ನಿಜ, ಏಳು ವರ್ಷದಿಂದ ಗುಡಿಸುತ್ತಿದ್ದೇನೆ. ವಿದ್ಯಾರ್ಥಿನಿಯಲ್ಲ ಎಂಬ ಮಾತನ್ನು ಮಾತ್ರ ತಮ್ಮದೇ ವಾರ್ಷಿಕ ವರದಿಗಳು ಒಪ್ಪುವುದಿಲ್ಲ. ಸತತ ಮೂರು ವರದಿಗಳಲ್ಲಿ ತಾವೇ ಅಚ್ಚು ಹಾಕಿಸಿದ್ದೀರಿ: "ಗ್ರೀಕ್ ವಿಭಾಗ. ವಿದ್ಯಾರ್ಥಿಗಳು ಮೂವರು. ಹಾಜರಾತಿ ತೃಪ್ತಿಕರ." ಆ ಮೂವರಲ್ಲಿ ಒಬ್ಬಳು ನಾನು.

ಈ ವರದಿ ಎಂಬ ವಾರ್ಷಿಕ ವ್ರತದ ಬಗ್ಗೆ ಈ ಪತ್ರ ಅಚ್ಚಾಗುವ ಪತ್ರಿಕೆಯ ಓದುಗರಿಗೂ ಎರಡು ಮಾತು ತಿಳಿದಿರಲಿ. ಸೇಬು ಬೆಳೆಯುವ ದ್ವೀಪಕ್ಕೆ ವಿಶ್ವವಿದ್ಯಾಲಯ ಏಕೆ ಎಂದು ನಮ್ಮ ಶಾಸನಸಭೆ ಪ್ರತಿ ವರ್ಷ ಕೇಳುತ್ತದೆ. ಉತ್ತರವಾಗಿ ಪ್ರತಿ ಜೂನ್‌ನಲ್ಲಿ ಐದು ಕಲಾ ವಿಭಾಗಗಳು ತಮ್ಮ ವರ್ಷದ ದುಡಿಮೆಯನ್ನು ವರದಿ ಮಾಡುತ್ತವೆ. ಐದಕ್ಕೂ ಪ್ರೊಫೆಸರ್ ಆರ್ಮಿಸ್ಟನ್ ಒಬ್ಬರೇ ಮುಖ್ಯಸ್ಥರು. ಒಂದೇ ಕುರ್ಚಿಯಲ್ಲಿ ಕೂತು ಐದು ವರದಿ ಬರೆದು, ಒಂದೊಂದರ ಕೊನೆಯಲ್ಲೂ ಉಳಿದ ನಾಲ್ಕು ವಿಭಾಗಗಳ ಮುಖ್ಯಸ್ಥರ ತುಂಬು ಸಹಕಾರಕ್ಕೆ ಕೃತಜ್ಞತೆ ಸಲ್ಲಿಸುತ್ತಾರೆ. ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಒಬ್ಬ ಮನುಷ್ಯ ಐವರಾಗಬಹುದಾದ ಜಾಗದಲ್ಲಿ ನಾನೊಬ್ಬಳು ಇಬ್ಬರಾದರೆ ತಮಗೇಕೆ ಇಷ್ಟು ಸಂಕಟ?

ಮೂರಕ್ಕಿಂತ ಕಡಿಮೆ ಹೆಸರಿದ್ದರೆ ತರಗತಿ ಮುಚ್ಚಬೇಕು ಎಂಬುದು ತಮ್ಮ ನಿಯಮ. ತೊಂಬತ್ತಾರರ ಫೆಬ್ರವರಿಯಲ್ಲಿ ಗ್ರೀಕ್ ಓದುತ್ತಿದ್ದ ಮೂವರಲ್ಲಿ ಒಬ್ಬ ಚಿನ್ನ ಅಗೆಯುತ್ತೇನೆಂದು ಪಶ್ಚಿಮಕ್ಕೆ ಓಡಿಹೋದ. ಉಳಿದವರು ಪಾದ್ರಿಯಾಗಬೇಕೆಂದಿದ್ದ ಆಥೋಲ್ ಬರ್ಬರಿ ಮತ್ತು ಶಾಲಾ ಶಿಕ್ಷಕಿ ಲವಿನಿಯಾ ಟ್ಯಾಪ್. ಆ ದಿನ ನಾನು ಒಲೆಯ ಬೂದಿ ತೆಗೆಯುತ್ತಿದ್ದಾಗ ಪ್ರೊಫೆಸರರು ಬಂದು ಕೆಮ್ಮಿದರು.

"ಹೆಸ್ಟರ್, ನಿನ್ನ ಹೆಸರು ಬರ್ಕೊಳ್ಲಾ?"

"ಯಾಕ್ ಸ್ವಾಮಿ, ಏನಾದ್ರೂ ಕಳುವಾಯ್ತಾ?"

"ಅಯ್ಯೋ, ಹಾಗಲ್ಲಮ್ಮ. ತರಗತೀಲಿ ಸುಮ್ನೆ ಕೂತ್ರೆ ಸಾಕು. ಬೇಕಾದ್ರೆ ಹೆಣಿಗೆ ತಂದ್ಕೋ."

ತಂದುಕೊಂಡೆ. ಮೊದಲ ಚಳಿಗಾಲದಲ್ಲಿ ಎರಡು ಜೊತೆ ಕಾಲುಚೀಲ ಮುಗಿಯಿತು. ಮೂರನೆಯದು ಮುಗಿಯಲಿಲ್ಲ, ಏಕೆಂದರೆ ಒಂದು ಮಧ್ಯಾಹ್ನ ಆಥೋಲ್ ಒಂದು ಕ್ರಿಯಾಪದವನ್ನು ತಪ್ಪಾಗಿ ಹೇಳಿದ, ನನ್ನ ಬಾಯಿಂದ ಸರಿಯಾದದ್ದು ತಾನಾಗಿ ಹೊರಬಿತ್ತು. ಪ್ರೊಫೆಸರರ ಕೈಯ ಸೀಮೆಸುಣ್ಣ ಹಲಗೆಯ ಮೇಲೇ ನಿಂತುಬಿಟ್ಟಿತು.

"ಏನ್ ಹೆಸ್ಟರಮ್ಮ, ಸೂಜಿ ಬಿಟ್ಟು ನಾಲಿಗೆ ಹಿಡ್ಕೊಂಡ್ರಾ?" ಎಂದು ಲವಿನಿಯಾ ನಕ್ಕಳು. ನಕ್ಕವಳೇ ಮರುದಿನ ತನ್ನ ಹಳೆಯ ವ್ಯಾಕರಣ ಪುಸ್ತಕ ತಂದುಕೊಟ್ಟಳು.

ಅಲ್ಲಿಂದ ನನಗೆ ನೆಮ್ಮದಿ ಎಂಬುದಿಲ್ಲ. ನೆಲ ಒರೆಸುತ್ತ ಪದ ಉರುಹೊಡೆದೆ. ಹಲಗೆ ಒರೆಸುವ ಮುನ್ನ ಅದರ ಮೇಲಿದ್ದುದನ್ನೆಲ್ಲ ಓದಿದೆ. "ಈ ವಯಸ್ಸಲ್ಲಿ ಗ್ರೀಕ್ ಕಲ್ತು ಯಾರ್ ಹತ್ರ ಮಾತಾಡ್ತೀಯೇ? ಆಲೂಗಡ್ಡೆ ಹತ್ರಾನಾ?" ಎಂದು ನನ್ನ ತಂಗಿ ಡಾರ್ಕಸ್ ಹಂಗಿಸಿದಳು. ಯಾರ ನೆರವೂ ಇಲ್ಲದೆ ಒಂದು ಇಡೀ ಪುಟ ಓದಿ ಮುಗಿಸಿದ ದಿನ ನಾನು ಬಕೆಟ್ಟಿನ ಪಕ್ಕ ಕೂತು ಅತ್ತೆ. ಸಂತೋಷಕ್ಕೆ ಅಳು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಈ ಅಕ್ಟೋಬರಿನಲ್ಲಿ ಪರೀಕ್ಷೆಗೆ ಅರ್ಜಿ ಹಾಕಿದೆ. ತಮ್ಮ ಹಿರಿಯ ಗುಮಾಸ್ತರಾದ ಕ್ರೌಚ್ ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಪ್ರವೇಶ ಪರೀಕ್ಷೆ ಯಾವಾಗ ಪಾಸ್ ಮಾಡ್ದೆ?"

"ಹೆಸರು ಬರ್ಕೊಂಡಾಗ ಯಾರೂ ಕೇಳ್ಲಿಲ್ವಲ್ಲ ಸ್ವಾಮಿ."

"ಅದು ವರದಿಗೆ ಬರ್ಕೊಂಡಿದ್ದು ಕಣಮ್ಮ! ನಿಂಗೆ ಕೆಲ್ಸ ಬೇಕೋ, ಪರೀಕ್ಷೆ ಬೇಕೋ? ಎರಡ್ರಲ್ಲಿ ಒಂದ್ ಹೇಳು."

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವುದುಂಟು. ತಾವು ಅದನ್ನೂ ತಿರುವುಮುರುವು ಮಾಡಿದಿರಿ. ಶಾಸನಸಭೆಯ ಮುಂದೆ ತಲೆ ಎಣಿಸುವಾಗ ನನ್ನ ತಲೆ ಬೇಕು, ಆ ತಲೆಯೊಳಗೆ ಏನಾದರೂ ಇದೆಯೇ ಎಂದು ನೋಡುವುದು ಮಾತ್ರ ಬೇಡ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಅಲ್ಲವೇ?

ಪ್ರೊಫೆಸರರು ಒಳ್ಳೆಯವರು, ಆದರೆ ಪುಕ್ಕಲು. "ಕೆದಕಬೇಡ ಹೆಸ್ಟರ್, ತರಗತೀನೇ ಮುಚ್ಚಿಬಿಡ್ತಾರೆ" ಎಂದು ಬೇಡಿಕೊಂಡರು. ಈ ಮಾತು ನನ್ನನ್ನು ಎರಡು ವಾರ ಕಾಡಿತು. ಲವಿನಿಯಾಳ ಓದು ನನ್ನಿಂದ ಹಾಳಾದರೆ? ಕೊನೆಗೆ ಅವಳನ್ನೇ ಕೇಳಿದೆ. "ನೀವ್ ಪತ್ರಿಕೆಗೆ ಬರೀದೇ ಇದ್ರೆ ನಾನೇ ಬರೀತೀನಿ. ನಂದು ವ್ಯಾಕರಣ ತಪ್ಪುತ್ತೆ, ನೀವೇ ಬರೀರಿ" ಎಂದಳು. ಆದ್ದರಿಂದ ಬರೆದಿದ್ದೇನೆ.

ಈಗ ತಾವೇ ಹೇಳಿ. ನಾನು ವಿದ್ಯಾರ್ಥಿನಿಯಲ್ಲದಿದ್ದರೆ ತಾವು ಶಾಸನಸಭೆಗೆ ಮೂರು ವರ್ಷ ಸುಳ್ಳು ಒಪ್ಪಿಸಿದಿರಿ. ತಾವು ಸುಳ್ಳು ಹೇಳುವವರಲ್ಲ ಎಂದಾದರೆ ನಾನು ವಿದ್ಯಾರ್ಥಿನಿ. ತಮ್ಮ ಮರ್ಯಾದೆಯ ಮೇಲೆ ನನಗಿರುವ ಗೌರವದಿಂದ ಎರಡನೆಯದನ್ನೇ ನಂಬಿದ್ದೇನೆ. ನನಗೆ ಪದವಿಯ ನಿಲುವಂಗಿ ಬೇಡ, ಬಿರುದು ಬೇಡ. ಉತ್ತರ ಪತ್ರಿಕೆ ಕೊಡಿ. ಫೇಲಾಗುವುದಾದರೆ ಗ್ರೀಕ್ ಬಾರದೆ ಫೇಲಾಗುತ್ತೇನೆ, ಪೊರಕೆ ಹಿಡಿದ ತಪ್ಪಿಗಲ್ಲ.

ಒಂದು ವಿಷಯ ತಮಗೆ ಮರೆತಿರಬಹುದು. ಪರೀಕ್ಷಾ ಕೊಠಡಿಯಲ್ಲಿ ಮೇಜು ಜೋಡಿಸುವವಳೂ ನಾನೇ. ಗ್ರೀಕ್ ಪರೀಕ್ಷೆಗೆ ಎರಡು ಮೇಜು ಸಾಕೆಂದು ತಮ್ಮ ಕಚೇರಿಯ ಚೀಟಿ ಬಂದಿದೆ. ಸೋಮವಾರ ಬೆಳಿಗ್ಗೆ ನಾನು ಮೂರು ಹಾಕುತ್ತೇನೆ. ಮೂರನೆಯದು ಬೇಡವೆನಿಸಿದರೆ ತಾವೇ ಬಂದು ಎತ್ತಿಡಿ. ಸ್ವಲ್ಪ ಭಾರವಾಗಿರುತ್ತದೆ, ಮೊಣಕೈ ಊರಿ ನಾನು ಕೂತಿರುತ್ತೇನೆ.

ಇಂತಿ,
ತಮ್ಮ ವರದಿಗಳ ಪ್ರಕಾರ ತೃಪ್ತಿಕರ ವಿದ್ಯಾರ್ಥಿನಿ,
ಬಹುಶಃ ಸೋಮವಾರದವರೆಗೆ ಮಾತ್ರ ಕಸ ಗುಡಿಸುವವಳು,
ಹೆಸ್ಟರ್ ಪೈಬಸ್