ನೀನು ಸೇರದ ಒಂದೇ ಸಂಘ

ಮಲಾಜ್, ರಿಯಾದ್
ಮಂಗಳವಾರ, ೧೪ ಜನವರಿ ೨೦೨೫

ಪ್ರೀತಿಯ ಶಾಹೀದಾ,

ಸಲಾಂ. ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಚೆನ್ನಾಗಿಲ್ಲ ಎಂದು ನಿನ್ನ ಗಂಡ ಹಿಶಾಮ್ ಭಾಯಿ ಹೇಳಿದ್ದಾರೆ. ಕಳೆದ ಗುರುವಾರ ನನ್ನ ಮೇಲೆ ರೇಗಿ ಫೋನ್ ಇಟ್ಟವಳು ಮತ್ತೆ ಎತ್ತಲಿಲ್ಲ. ವಾಟ್ಸ್ಆಪಿನಲ್ಲಿ ಬ್ಲಾಕ್ ಬೇರೆ ಮಾಡಿದ್ದೀಯ. ಕಾಗದ ಬರೆದರೆ ಓದುತ್ತಾಳೆ, ಹರಿದು ಬಿಸಾಡುವಷ್ಟು ಗಟ್ಟಿ ಮನಸ್ಸಿನವಳಲ್ಲ ಎಂದು ನಿನ್ನ ಗಂಡನೇ ಉಪಾಯ ಹೇಳಿಕೊಟ್ಟರು. ಹಾಗಾಗಿ ಈ ಕಾಲದಲ್ಲಿ ಪೆನ್ನು ಹಿಡಿದು ಕೂತಿದ್ದೇನೆ. ನನ್ನ ಮನೆಮಾತು ನವಾಯತಿ, ನಿನ್ನದು ಬ್ಯಾರಿ. ಹಾಸ್ಟೆಲಿನಿಂದ ಇಲ್ಲಿಯವರೆಗೆ ನಾವು ಜಗಳವಾಡಿದ್ದೆಲ್ಲ ಕನ್ನಡದಲ್ಲಿ. ಇದೂ ಅದರಲ್ಲೇ ಇರಲಿ.

ನಾಡಿದ್ದು ಗುರುವಾರ ನೀನು ಕ್ಲಿನಿಕ್ಕಿನ ಮಾಲೀಕನ ಮುಂದೆ ಕೂತು ತಪ್ಪೊಪ್ಪಿಗೆಗೆ ಸಹಿ ಹಾಕುತ್ತೀಯಂತೆ. ಯಾವ ತಪ್ಪು? ನೀನು ಫೋನಿನಲ್ಲಿ ಹೇಳಿದ್ದನ್ನು ಕೇಳಿದರೆ ಯಾರನ್ನೋ ಕೊಂದು ಬಂದವಳ ಹಾಗಿತ್ತು. ನಡೆದದ್ದನ್ನು ನಾನು ಬರೆಯುತ್ತೇನೆ, ಬೇರೆಯವರ ಕಥೆ ಎಂದುಕೊಂಡು ಓದು.

ಕುತ್ತಿಗೆ ನೋವೆಂದು ಒಬ್ಬ ಅಜ್ಜಿಯನ್ನು ಮಗ ಕರೆತಂದ. ಕುತ್ತಿಗೆಯನ್ನು ಹಿಡಿದು ಟಕ್ಕೆಂದು ತಿರುಗಿಸುವ ವಿಡಿಯೋವನ್ನು ಫೋನಿನಲ್ಲಿ ತೋರಿಸಿ, ಹೀಗೇ ಮಾಡು ಎಂದ. ನೀನು ಅಜ್ಜಿಯ ನಡಿಗೆ ನೋಡಿದೆ, ಕಾಲು ಎಳೆಯುತ್ತಿತ್ತು. ಅಬಾಯಾದ ಗುಂಡಿ ಹಾಕಲು ಬೆರಳು ಮಾತು ಕೇಳುತ್ತಿರಲಿಲ್ಲ. ಕುತ್ತಿಗೆಯೊಳಗೆ ನರ ಒತ್ತಿರಬಹುದು ಎನ್ನುವ ಗುರುತು ಅದು. ಮೊದಲು ಸ್ಕ್ಯಾನ್ ಆಗಲಿ, ಅಲ್ಲಿಯವರೆಗೆ ಈ ಕುತ್ತಿಗೆ ತಿರುಗಿಸುವುದಿಲ್ಲ ಎಂದು ಕೈ ತೆಗೆದೆ. ಮಗ ಹೊರಗೆ ಹೋಗಿ ಕೂಗಾಡಿದ. ಈಗ ಮಾಲೀಕನಿಗೆ ನಿನ್ನಿಂದ ಎರಡು ಸಾಲು ಬೇಕು: ತಿಳಿಯದೆ ರೋಗಿಯನ್ನು ವಾಪಸು ಕಳಿಸಿದೆ, ಇನ್ನು ಮುಂದೆ ರೋಗಿಯ ಕಡೆಯವರು ಹೇಳಿದಂತೆ ಮಾಡುತ್ತೇನೆ. ಇಷ್ಟೇ ತಾನೆ?

ಇದರಲ್ಲಿ ನಿನ್ನ ತಪ್ಪು ಎಂತದು ಮಾರಾಯ್ತಿ?

ಮಕ್ಕಳ ಶಾಲೆ ಇದೆ, ಹಿಶಾಮ್ ಭಾಯಿಯ ಅಂಗಡಿ ಈಗಷ್ಟೇ ಕಣ್ಣು ಬಿಡುತ್ತಿದೆ, ಒಂದು ಗೀಟು ಎಳೆದರೆ ಮುಗಿಯಿತು ಎಂದೆ ನೀನು. ಮುಗಿಯುವುದಿಲ್ಲ. ಮುಂದಿನ ವಾರ ಇನ್ನೊಬ್ಬ ಇನ್ನೊಂದು ವಿಡಿಯೋ ಹಿಡಿದು ಬರುತ್ತಾನೆ. ಆಗ ನಿನ್ನ ಕೈ ಬೇಡ ಎಂದರೂ ನೀನು ತಿರುಗಿಸಲೇಬೇಕು, ಯಾಕೆಂದರೆ ಬರೆದು ಕೊಟ್ಟಿರುತ್ತೀಯ. ಆ ಕುತ್ತಿಗೆಗೆ ಹೆಚ್ಚುಕಡಿಮೆಯಾದರೆ ಮಾಲೀಕನೂ ಬರುವುದಿಲ್ಲ, ವಿಡಿಯೋ ತೋರಿಸಿದವನೂ ಬರುವುದಿಲ್ಲ. ನೀನು ಒಬ್ಬಳೇ ಸಿಕ್ಕಿಬೀಳುತ್ತೀಯ.

ಒಬ್ಬಳೇ. ಅದಕ್ಕೇ ನನಗೆ ತಲೆ ಕೆಟ್ಟು ಹೋಗುವುದು. ಕೈಯಿಂದಲೇ ಮೂಳೆ, ಸ್ನಾಯು ಸರಿಮಾಡುವ ನಮ್ಮ ಆಸ್ಟಿಯೋಪತಿ ವೈದ್ಯರ ಸಂಘಕ್ಕೆ ಸೇರು, ಸೇರು ಎಂದು ಬಾಯಿ ಒಣಗುವಷ್ಟು ಹೇಳಿದೆ. ನೀನೇನು ಸಂಘ ಕಂಡರೆ ಆಗದವಳಾ? ಊರಿನ ಜಮಾಅತಿನ ಮಹಿಳಾ ಘಟಕಕ್ಕೆ ಕಾರ್ಯದರ್ಶಿ. ರಕ್ತದಾನ ಬಳಗ, ಹಳೆ ವಿದ್ಯಾರ್ಥಿಗಳ ಕೂಟ, ಕನ್ನಡ ಕೂಟ, ಎಲ್ಲದರಲ್ಲೂ ನಿನ್ನ ಹೆಸರು. ಒಂದು ಬಾಲೂ ಹಿಡಿಯಲು ಬಾರದಿದ್ದರೂ ಥ್ರೋಬಾಲ್ ತಂಡಕ್ಕೆ ನೀನೇ ಉಪನಾಯಕಿ. ನಿನ್ನೂರು ಉಪ್ಪಿನಂಗಡಿಯ ಯಾರಿಗೇ ಇಲ್ಲಿ ವಾಸದ ಪರವಾನಗಿಯ, ಇಕಾಮಾದ ತೊಂದರೆ ಬಂದರೂ ಮೊದಲ ಫೋನ್ ನಿನಗೆ. ನೀನು ನಾಲ್ಕು ಜನರನ್ನು ಕಟ್ಟಿಕೊಂಡು ಅವರನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಹತ್ತಿರ ಹೋಗಿ ಮಾತಾಡುತ್ತೀಯ. ಬೇರೆಯವರಿಗಾದರೆ ನಾಲ್ಕು ಜನ, ನಿನಗೆ ಮಾತ್ರ ಯಾರೂ ಬೇಡ.

ಯಾಕೆ ಬೇಡ ಎನ್ನುವುದೂ ಗೊತ್ತು. ಒಮ್ಮೆ ನಮ್ಮ ಸಭೆಗೆ ಬಂದಿದ್ದೆ, ನೆನಪಿದೆಯಾ? ಸಂಘ ಅಂದ ಮೇಲೆ ಶಾಲು, ಸ್ಮರಣಿಕೆ, ಬಿರಿಯಾನಿ, ಸಾಲಾಗಿ ನಿಂತು ಫೋಟೋ ಇರಲೇಬೇಕು ಎಂದುಕೊಂಡು, ಜರಿಯ ದುಪಟ್ಟ ಹೊದ್ದು, ಒಂದು ದೊಡ್ಡ ತಟ್ಟೆ ಅಕ್ಕಿಯ ಕಲ್ತಪ್ಪ ಹೊತ್ತು ಬಂದೆ. ಬಂದರೆ ಇಲ್ಲಿ ಡಾಕ್ಟರುಗಳೆಲ್ಲ ಒಬ್ಬರ ಬೆನ್ನು ಇನ್ನೊಬ್ಬರು ಒತ್ತಿ ಅಭ್ಯಾಸ ಮಾಡುತ್ತಿದ್ದರು. ನಿನ್ನನ್ನೂ ಒತ್ತಲು ಹೇಳಿದರು. ನಮ್ಮ ಕಾರ್ಯದರ್ಶಿ, ಕಾಸರಗೋಡಿನ ಡಾಕ್ಟರ್ ಅಬ್ದುಲ್ಲ ಕುಂಞಿ, ಹೆಬ್ಬೆರಳಿನಿಂದ ಬೇಡಮ್ಮ, ಅಂಗೈಯಿಂದ ಒತ್ತು, ಇಲ್ಲದಿದ್ದರೆ ಬೆರಳೇ ಹೋಗುತ್ತದೆ ಎಂದರು. ಎಲ್ಲರ ಮುಂದೆ ತಿದ್ದಿದರು ಎಂದು ನಿನಗೆ ಉರಿಯಿತು. ಕಾರಿನಲ್ಲಿ ಬರುವಾಗ, ಒಂದು ಫೋಟೋ ಸಹ ಇಲ್ಲ, ಮೇಲಿಂದ ನನ್ನ ಕೈಯೇ ಸರಿ ಇಲ್ಲವಂತೆ, ಇದೆಂತ ಸಂಘ ಎಂದೆ. ಅವತ್ತಿನಿಂದ ಈ ಕಡೆ ತಲೆ ಹಾಕಲಿಲ್ಲ. ಆದರೆ ಹೋದ ರಂಜಾನಿನಲ್ಲಿ ನನ್ನ ಸೊಂಟ ಹಿಡಿದಾಗ ನೀನು ಅಂಗೈಯಿಂದಲೇ ಒತ್ತಿದೆ. ನಾನು ನೋಡಿದೆ, ಹೇಳಲಿಲ್ಲ.

ಸಂಘದಿಂದ ಎಂತ ಸಿಗುತ್ತದೆ ಎಂದು ಕೇಳುತ್ತಿದ್ದೆಯಲ್ಲ, ಕೇಳು. ಇಲ್ಲಿ ಕ್ಲಿನಿಕ್ಕಿನಲ್ಲಿ ನನ್ನ ಕೋಣೆಯ ಹೊರಗೆ ಮಸಾಜ್ ಎಂದು ಬೋರ್ಡು ಹಾಕಿದ್ದರು. ಗಂಡಸರು ಬಂದು ಬಾಗಿಲು ತಟ್ಟುತ್ತಿದ್ದರು. ನಾನು ಮನೆಗೆ ಬಂದು ಬಚ್ಚಲಲ್ಲಿ ಅಳುತ್ತಿದ್ದೆ. ಕೊನೆಗೆ ಸಭೆಯಲ್ಲಿ ಬಾಯಿ ಬಿಟ್ಟೆ. ಮರುದಿನವೇ ಡಾಕ್ಟರ್ ಬಸ್ಮಾ ನಮ್ಮ ಮಾಲೀಕನಿಗೆ ಫೋನ್ ಮಾಡಿದರು. ಅವರು ಇದೇ ದೇಶದವರು, ನಮ್ಮದೇ ಕಸುಬು. ಅರಬಿಯಲ್ಲಿ ಏನು ಹೇಳಿದರೋ, ಬೋರ್ಡು ಇಳಿಯಿತು. ನಾನು ಹೇಳಿದರೆ ಅದು ಒಬ್ಬ ಕೆಲಸದವಳ ತಕರಾರು. ಅವರೆಲ್ಲ ಸೇರಿ ಹೇಳಿದರೆ ಅದು ಕಸುಬಿನ ನಿಯಮ. ಕಲಿಯುವುದು, ಹೊಸ ವಿಷಯ ತಿಳಿಯುವುದು, ಅದೆಲ್ಲ ಆಮೇಲಿನ ಮಾತು.

ಹೆದರಬೇಡ, ನಿನ್ನ ವಿಷಯವನ್ನು ಸಂಘದಲ್ಲಿ ಯಾರಿಗೂ ಹೇಳಿಲ್ಲ. ನೀನು ಹೂಂ ಎಂದರೆ ಮಾತ್ರ ಹೇಳುತ್ತೇನೆ.

ಇಷ್ಟು ಬೈದೆ, ಇನ್ನೂ ಸಿಟ್ಟು ಇಳಿದಿಲ್ಲ. ನೀನು ತಲೆ ತಗ್ಗಿಸಿ ಆ ಕುರ್ಚಿಯಲ್ಲಿ ಕೂತಿರುವುದು ಕಣ್ಣಿಗೆ ಕಟ್ಟಿದರೆ ನನಗೆ ಅನ್ನ ಇಳಿಯುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ವಾರ್ಡನ್ ಎದುರು ಎಲ್ಲರ ಪರವಾಗಿ ಮಾತಾಡುತ್ತಿದ್ದವಳು ನೀನು. ಅವಳು ಎಲ್ಲಿ ಹೋದಳು ಎಂದು ನನಗೆ ದುಃಖವಾಗುತ್ತದೆ.

ನಾಳೆ ನಮ್ಮ ಭಟ್ಕಳದವರ ಸಾಮಾನಿನ ವ್ಯಾನು ನಿಮ್ಮ ಉನೈಜಾಕ್ಕೆ ಬರುತ್ತದೆ, ಅದರಲ್ಲಿ ಇದನ್ನು ಕಳಿಸುತ್ತೇನೆ. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಮನೆಯಲ್ಲೇ ಇರು.

ನಿನ್ನ ಮೇಲೆ ಕೆಂಡವಾಗಿರುವ, ಆದರೂ ನಿನ್ನವಳೇ ಆದ,
ಝೈಬುನ್ನಿಸಾ

ತಾ.ಕ.: ಬುಧವಾರ, ಉನೈಜಾ. ವ್ಯಾನಿನ ಮಾತು ಸುಳ್ಳು. ಯಾರಿಗೂ ಹೇಳಿಲ್ಲ ಎಂದದ್ದೂ ಸುಳ್ಳು. ಶುಕ್ರವಾರದ ಸಭೆಯಲ್ಲಿ ನಿನ್ನ ಹೆಸರು ಬಿಟ್ಟು ಎಲ್ಲ ಹೇಳಿದೆ. ನಾನಾಗಿದ್ದರೂ ಆ ಕುತ್ತಿಗೆ ತಿರುಗಿಸುತ್ತಿರಲಿಲ್ಲ ಎಂದು ಒಬ್ಬೊಬ್ಬರಾಗಿ ಎಲ್ಲರೂ ಅಂದರು, ಅದನ್ನೇ ಬರೆದೂ ಕೊಟ್ಟಿದ್ದಾರೆ. ಗುರುವಾರ ಆಕೆಯ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಬಸ್ಮಾ ಕೇಳಿದರು. ಆಕೆ ನಮ್ಮ ಸಂಘದ ಸದಸ್ಯೆಯೇ ಅಲ್ಲ ಎಂದೆ. ನಾನು ಕೇಳಿದ್ದು ಅದಲ್ಲ ಎಂದರು. ನಾನು ತಲೆ ತಗ್ಗಿಸಿದೆ.

ಈಗ ನಿನ್ನ ಮನೆಯ ಕೆಳಗೆ ಕಾರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ರಿಯಾದಿನಿಂದ ಇಲ್ಲಿಯವರೆಗೆ ಕಾರು ಓಡಿಸಿದ್ದು ಬಸ್ಮಾ. ಹಿಂದಿನ ಸೀಟಿನಲ್ಲಿ ಅಬ್ದುಲ್ಲ ಕುಂಞಿಯವರು ಬಿರಿಯಾನಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಬೇಡ ಎಂದರೂ ಕೇಳಲಿಲ್ಲ, ಆ ಕಲ್ತಪ್ಪದ ಋಣವಂತೆ. ಸದಸ್ಯತ್ವದ ಅರ್ಜಿಯೂ ನನ್ನ ಚೀಲದಲ್ಲಿದೆ. ಸಹಿ ಹಾಕಲೇಬೇಕು ಎಂದು ಕೈ ತುರಿಸಿದರೆ ಅದಕ್ಕೆ ಹಾಕು. ಹಾಕದಿದ್ದರೂ ನಾಳೆ ನಿನ್ನ ಎಡಬಲಕ್ಕೆ ನಾವು ಕೂರುತ್ತೇವೆ. ಹಿಶಾಮ್ ಭಾಯಿ ಈ ಕಾಗದ ಮೇಲೆ ತರುತ್ತಿದ್ದಾರೆ. ಓದಿ ಮುಗಿಸಿ ಕೆಳಗೆ ಬಾ, ಅನ್ನ ಆರುತ್ತಿದೆ.