ಬದುಕುಳಿದವಳನ್ನು ಎಬ್ಬಿಸುವವರು ಯಾರು?

ರಾಜ್ಯ ಶಾಸನಸಭೆಯ ಆರೋಗ್ಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ಗರ್ಭದಲ್ಲೇ ನನ್ನನ್ನು ಮುಗಿಸಲು ನಡೆದ ಯತ್ನ ವಿಫಲವಾದುದಕ್ಕಾಗಿ ತಾವು ಕಳೆದ ತಿಂಗಳು ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಕಣ್ಣು ಮುಚ್ಚಿ, ದೇವರಿಗೆ ವಂದನೆ ಸಲ್ಲಿಸಿದಿರಿ. ಅದೇ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು, ಸರ್ಕಾರದ ಸಂಬಳದಲ್ಲಿ ಬಂದು ಪ್ರತಿದಿನ ನನ್ನನ್ನು ಹಾಸಿಗೆಯಿಂದ ಎಬ್ಬಿಸುವ ಹೆಂಗಸನ್ನು ನನ್ನ ಮನೆಯಿಂದ ಬಿಡಿಸುವ ಮಸೂದೆಗೆ ಕೈಯೆತ್ತಿದಿರಿ. ಬೆಳಿಗ್ಗೆ ಮುಚ್ಚಿದ ಕಣ್ಣನ್ನು ಮಧ್ಯಾಹ್ನ ತೆರೆಯಲು ಮರೆತಿರೆಂದು ಕಾಣುತ್ತದೆ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ವಿವರಣೆ. ವಿವರಣೆ ಕೇಳುವ ಅಭ್ಯಾಸ ತಮಗಿಲ್ಲವೆಂದು ಕಣ್ಣಾರೆ ಕಂಡ ಮೇಲೆ ಪತ್ರಿಕೆಯ ಮೂಲಕ ಹೇಳಬೇಕಾಗಿ ಬಂದಿದೆ.

ತಮಗೆ ನನ್ನ ಪರಿಚಯ ಇಲ್ಲದೇನಲ್ಲ. ತಮ್ಮ ಚುನಾವಣಾ ಕರಪತ್ರದಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಮುಂದಿನ ಹಲ್ಲು ಬಿದ್ದ ಬಾಯಿ ಅಗಲಿಸಿ ನಗುತ್ತಿರುವ ಹುಡುಗಿ ನಾನೇ. ಆ ಚಿತ್ರ ತೆಗೆದಾಗ ನನಗೆ ಒಂಬತ್ತು ವರ್ಷ. ಈಗ ನಲವತ್ತಾರು. ತಮ್ಮವರು ಇನ್ನೂ ಹಳೆಯ ಚಿತ್ರವನ್ನೇ ಅಚ್ಚು ಹಾಕಿಸುತ್ತಾರೆ. ತಪ್ಪೇನಿಲ್ಲ; ನರೆತ ಕೂದಲಿನ, ಎದುರು ಮಾತಾಡುವ ಹೆಂಗಸನ್ನು ನೋಡಿ ಯಾರ ಕರುಳು ಕಿವುಚುತ್ತದೆ?

ನನ್ನ ಹುಟ್ಟಿನ ಕಥೆಯನ್ನು ತಾವು ನೂರು ವೇದಿಕೆಗಳಲ್ಲಿ ಹೇಳಿದ್ದೀರಿ, ಪ್ರತಿಸಲ ಸ್ವಲ್ಪ ಒಗ್ಗರಣೆ ಹಾಕಿ. ಒಗ್ಗರಣೆಯಿಲ್ಲದ್ದು ಹೀಗಿದೆ. ನನ್ನನ್ನು ಹೊತ್ತವಳಿಗೆ ಹದಿನಾರು ವರ್ಷ. ಬಸಿರು ಏಳನೇ ತಿಂಗಳಿಗೆ ಕಾಲಿಟ್ಟಾಗ ಒಂದು ಊರಿನ ಆಸ್ಪತ್ರೆಯಲ್ಲಿ ಅವಳ ಹೊಟ್ಟೆಗೆ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟರು. ಸತ್ತು ಬರಬೇಕಾದ ನಾನು ಅಳುತ್ತ ಬಂದೆ. ಒಬ್ಬ ನರ್ಸು ನನ್ನನ್ನು ಟವೆಲಿನಲ್ಲಿ ಸುತ್ತಿ ಮಕ್ಕಳ ವಾರ್ಡಿಗೆ ಓಡಿದಳು. ಅಷ್ಟರಲ್ಲಿ ಮಿದುಳಿಗೆ ಉಸಿರು ಸಾಲದೆ ಆಗಬೇಕಾದ ಹಾನಿ ಆಗಿತ್ತು. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿದ್ದುಕೊಂಡವು, ಬಲಗೈ ಮುದುಡಿತು, ನಾಲಿಗೆ ಹೊರಳದಾಯಿತು. ಇವತ್ತಿಗೂ ಹಾಗೇ ಇವೆ.

ನನ್ನನ್ನು ಸಾಕಲು ಒಯ್ದವಳು ಆಗ್ನೆಸ್ ಹ್ರುಸ್ಕಾ, ಹಂದಿ ಸಾಕಿ ಬದುಕುತ್ತಿದ್ದ ವಿಧವೆ. "ಈ ಮಗು ತಲೆ ಎತ್ತೋದೂ ಕಷ್ಟ, ಆಸೆ ಇಟ್ಕೋಬೇಡಿ" ಎಂದರಂತೆ ಡಾಕ್ಟರು. "ನಮ್ಮನೆ ಹಂದಿಮರಿಗಳಿಗೂ ಡಾಕ್ಟ್ರು ಹಿಂಗೇ ಹೇಳ್ತಾರೆ. ಕೊಡಿ, ನೋಡೋಣ" ಎಂದಳಂತೆ ಅಮ್ಮ. ಅವಳ ಅಡುಗೆಮನೆಯಲ್ಲಿ, ಗಸಗಸೆ ತುಂಬಿದ ಕೊಲಾಚಿ ಬನ್ನಿನ ತಟ್ಟೆಯನ್ನು ನನ್ನ ಕೈಗೆಟುಕದಷ್ಟೇ ದೂರ ಇಟ್ಟು, ನನಗೆ ತೆವಳಲು ಕಲಿಸಿದಳು. ಜೀವಪರ ನೀತಿ ಎಂದರೇನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ತಟ್ಟೆ, ತಮ್ಮ ಭಾಷಣವಲ್ಲ.

ನಮ್ಮ ಚರ್ಚಿಗೆ ಬಂದ ತಮ್ಮ ಪಕ್ಷದವರಿಗೆ ನಾನು ಸಿಕ್ಕಿದ್ದು ಆ ಕರಪತ್ರದ ಚಿತ್ರ ತೆಗೆದ ವರ್ಷ. ಮುಂದೆ ಬೇಸಿಗೆ ಬಂತೆಂದರೆ ಜಿಲ್ಲೆ ಜಿಲ್ಲೆ ನನ್ನನ್ನು ಉತ್ಸವಮೂರ್ತಿಯಂತೆ ಹೊತ್ತು ತಿರುಗಿದರು. ಉತ್ಸವ ಮುಗಿದ ಮೇಲೆ ಮೂರ್ತಿಗೆ ಹಸಿವಾಗುತ್ತದೆ, ಅದಕ್ಕೂ ಪಾಯಖಾನೆಗೆ ಹೋಗಬೇಕಾಗುತ್ತದೆ ಎಂಬುದು ಭಕ್ತರಿಗೆ ಹೊಳೆಯುವ ವಿಚಾರವಲ್ಲ.

ಗರ್ಭಪಾತದ ಹಕ್ಕು ಕೇಳುವ ತಮ್ಮ ವಿರೋಧಿಗಳ ಆಳು ನಾನು ಎಂದು ತಾವು ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಹೊಟ್ಟೆಯಲ್ಲಿರುವ ಕೂಸೂ ಜೀವವೇ ಎಂದು ನಾನು ನಂಬುತ್ತೇನೆ. ನಂಬದಿರಲು ನನಗೆ ಹೇಗೆ ಸಾಧ್ಯ? ಆ ಕಡೆಯವರ ಕರುಣೆಯ ರುಚಿಯನ್ನೂ ನೋಡಿದ್ದೇನೆ. ಶಾಸನಸಭೆಯ ಮೆಟ್ಟಿಲ ಬಳಿ ಫಲಕ ಹಿಡಿದಿದ್ದ ಒಬ್ಬಾಕೆ ನನ್ನನ್ನು ಕಂಡು, ಜೊತೆಯವಳಿಗೆ, "ಅಯ್ಯೋ ಪಾಪ, ಇಂಥಾ ಬಾಳು ಯಾರಿಗೂ ಬೇಡಪ್ಪ" ಎಂದಳು. "ನಂಗೆ ಬೇಕು ಕಣಮ್ಮ" ಎಂದೆ. ನನ್ನ ನಾಲಿಗೆ ಆ ಮೂರು ಮಾತನ್ನು ಹೊರಳಿಸಿ ಮುಗಿಸುವಷ್ಟರಲ್ಲಿ ಆಕೆ ಆಚೆ ಹೋಗಿಯಾಗಿತ್ತು. ಅವರಿಗೆ ನಾನು ಹುಟ್ಟಿದ್ದೇ ಕಿರಿಕಿರಿ. ತಮಗೆ ನಾನು ಬೆಳೆದದ್ದು.

ಈಗ ನನ್ನನ್ನು ಹೆತ್ತವಳ ವಿಷಯ. ಹೆಸರು ಕಾರ್ಲೀನ್. ಆರು ವರ್ಷದ ಹಿಂದೆ ಟಿ.ವಿ.ಯಲ್ಲಿ ನನ್ನ ಹುಟ್ಟಿದ ದಿನ, ಊರು ಎಲ್ಲ ಕೇಳಿ, ಲೆಕ್ಕ ಹಾಕಿ, ಒಂದು ದಿನ ನಮ್ಮ ಮನೆ ಬಾಗಿಲಿಗೆ ಬಂದು, ತಾನು ಯಾರೆಂದು ಹೇಳಿ ನಿಂತಳು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಕೈಯಲ್ಲಿ ಎಸಳು ಎಸಳಾಗಿ ಸಿಪ್ಪೆಯೆದ್ದ ಸುಟ್ಟ ಗಾಯ.

"ನೀವೇನಾ?" ಎಂದೆ.

"ಹೂಂ. ಹೋಗು ಅಂದ್ರೆ ಹೋಗ್ತೀನಿ."

"ಬನ್ನಿ ಒಳಗೆ. ಬಾಗಿಲು ನೀವೇ ಹಾಕ್ಬೇಕು, ನನ್ ಕೈಲಾಗಲ್ಲ."

ಬಂದು ಕೂತಳು. ನನ್ನ ಮಡಚಿದ ಕೈಯನ್ನೇ ನೋಡಿದಳು. ನಾನು ಕೇಳಬೇಕೆಂದು ಬಾಲ್ಯದಿಂದ ಕಾದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: "ಯಾಕೆ?"

"ನನ್ನ ಯಾರೂ ಕೇಳ್ಲಿಲ್ಲಮ್ಮ. ಅಪ್ಪ ಚರ್ಚಲ್ಲಿ ಹಿರಿಯರು. ಮರ್ಯಾದೆ ಹೋಗುತ್ತೆ, ಕಾರ್ ಹತ್ತು ಅಂದ್ರು. ಹತ್ತಿದೆ. ನೀನು ಅತ್ತಿದ್ದು ನಂಗೆ ಕೇಳಿಸ್ತು. ಅದು ಬೇರೆಯವರ ಮಗು, ನಿಂದು ಸತ್ತೋಯ್ತು ಅಂದ್ರು."

ಅವಳನ್ನು ನಾನು ಅಪ್ಪಿಕೊಳ್ಳಲಿಲ್ಲ. ಸಿನಿಮಾ ಅಲ್ಲವಲ್ಲ. ಅಂದು ಕಳಿಸಿಬಿಟ್ಟೆ. ಆ ರಾತ್ರಿ ಸಿಟ್ಟೂ ಅಳುವೂ ಸೇರಿ ಬಂದವು. ಆದರೆ ಮುಂದಿನ ಭಾನುವಾರ ಅವಳು ಮತ್ತೆ ಬಂದಳು, ಅದರ ಮುಂದಿನದೂ. ಈಗ ಭಾನುವಾರ ನನಗೆ ಸ್ನಾನ ಮಾಡಿಸುವವಳು ಅವಳೇ. ನೀರು ಜಾಸ್ತಿ ಬಿಸಿಯಾಯಿತೆಂದು ನಾನು ಜಗಳ ಕಾಯುತ್ತೇನೆ, ನನ್ನ ತಲೆಗೂದಲು ಉಳ್ಳಾಗಡ್ಡಿ ಬೇರಿನ ಹಾಗಿದೆಯೆಂದು ಅವಳು ಗೊಣಗುತ್ತಾಳೆ. "ಕ್ಷಮಿಸಿದೆ" ಎಂಬ ಪದವನ್ನು ನಾನಿನ್ನೂ ಆಡಿಲ್ಲ. ಅವಳೂ ಕೇಳಿಲ್ಲ.

ಆ ಸಭೆಗೆ ಕೆಲವು ದಿನ ಮೊದಲು ತಮ್ಮ ಕಚೇರಿಯ ಹುಡುಗಿಯೊಬ್ಬಳು ಫೋನು ಮಾಡಿದಳು. ಗರ್ಭ ತೆಗೆಸಿದ ಹೆಂಗಸಿಗೆ ಜೈಲುಶಿಕ್ಷೆ ವಿಧಿಸುವ ಹೊಸ ಕಲಮಿಗೆ ನಾನು ಸಾಕ್ಷಿ ಹೇಳಬೇಕಂತೆ. "ಮೇಡಂ, ಗಾಲಿಕುರ್ಚಿಯಲ್ಲೇ ಬಂದ್ಬಿಡಿ, ಊರುಗೋಲು ಬೇಡ. ಹಳದಿ ಬಟ್ಟೆ ಇದ್ರೆ ಹಾಕ್ಕೊಳ್ಳಿ, ಟಿ.ವಿ.ಯಲ್ಲಿ ಚೆನ್ನಾಗಿ ಕಾಣ್ಸುತ್ತೆ. ಏನ್ ಹೇಳ್ಬೇಕು ಅಂತ ನಾವೇ ಬರೆದ್ಕೊಡ್ತೀವಿ." ನನ್ನ ತಾಯಿ ನನ್ನನ್ನು ಕೊಲ್ಲಹೊರಟಳು, ಅವಳಿಗೆ ಶಿಕ್ಷೆಯಾಗಬೇಕಿತ್ತು ಎಂದು ನಾನು ಹೇಳಬೇಕಾಗಿತ್ತು. ಕಾರು ಓಡಿಸಿದ ಅಪ್ಪನ ವಿಷಯ ಅದರಲ್ಲಿ ಇರಲಿಲ್ಲ. ಚುಚ್ಚುಮದ್ದು ಹಿಡಿದವರ ವಿಷಯವೂ ಇರಲಿಲ್ಲ. ಮರ್ಯಾದಸ್ಥರನ್ನು ಜೈಲಿಗೆ ಕಳಿಸುವ ಕಲಮು ತಮ್ಮ ಕರಡಿನಲ್ಲಿ ಯಾಕಿಲ್ಲ, ಮಾನ್ಯರೇ? ಶಾಯಿ ಮುಗಿದಿತ್ತೆ?

ನಾನು ಬಂದೆ, ಬೂದುಬಣ್ಣದ ಸ್ವೆಟರಿನಲ್ಲಿ, ಊರುಗೋಲಿನ ಮೇಲೆ, ಕಾರ್ಲೀನಳನ್ನು ಜೊತೆಗೆ ಕರೆದುಕೊಂಡು. ಬೆವರಿಳಿಸಿಕೊಂಡು ಮೈಕಿನವರೆಗೆ ನಡೆದೆ. ಒಂದು ವಾಕ್ಯ ಹೇಳಲು ನನಗೆ ಬೇಕಾಗುವ ಹೊತ್ತಿನಲ್ಲಿ ತಾವು ಒಂದು ಭಾಷಣ ಮುಗಿಸಬಲ್ಲಿರಿ. "ನನ್ ತಾಯಿ..." ಎಂದು ಶುರುಮಾಡಿದ್ದೇ ತಡ, ತಾವು ಮುಂದಕ್ಕೆ ಬಾಗಿ, ಜೇನು ತೊಟ್ಟಿಕ್ಕುವ ದನಿಯಲ್ಲಿ, "ಕಷ್ಟಪಡ್ಬೇಡಮ್ಮ. ನಿನ್ನ ಮನಸ್ಸಲ್ಲಿ ಇರೋದು ನಮಗೆಲ್ಲ ಅರ್ಥವಾಯ್ತು" ಎಂದಿರಿ.

"ಹೆಂಗಾಗುತ್ತೆ? ನಾನಿನ್ನೂ ಹೇಳೇ ಇಲ್ವಲ್ಲ" ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತಮಗೆ ನಗು ಬರಲಿಲ್ಲ.

"ನನ್ ತಾಯಿ ಅಲ್ಲೇ ಕೂತಿದಾಳೆ" ಎಂದೆ. "ಅವಳು ಆಗ ಜೈಲಿಗ್ ಹೋಗಿದ್ರೆ, ಅವಳನ್ನ ಕಾರ್ ಹತ್ಸಿದೋರು ಚರ್ಚಲ್ಲಿ ಮೊದಲ್ನೇ ಬೆಂಚಲ್ಲಿ ಕೂತಿರ್ತಿದ್ರು. ಈಗ ಹಾಕಿದ್ರೆ ಭಾನುವಾರ ನಂಗೆ ಸ್ನಾನ ಮಾಡ್ಸೋರಿಲ್ಲ. ಉಳಿದ ದಿನ ಮಾಡ್ಸೋಳನ್ನ ನೀವು ಮಧ್ಯಾಹ್ನ ತೆಗೀತೀರಂತೆ, ಹೌದಾ?"

ಹೌದೋ ಅಲ್ಲವೋ ತಿಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನ್ನ ಮೈಕು ಸತ್ತಿತ್ತು. "ಸಹೋದರಿ ದಣಿದಿದ್ದಾರೆ" ಎಂದು ಪ್ರಕಟಿಸಿ, ಎದ್ದು ನಿಂತು, ತಾವು ದೇವರಿಗೆ ವಂದನೆ ಸಲ್ಲಿಸಿದ್ದು ಆಮೇಲೆ. ನಾನು ಬದುಕಿ ಉಳಿದದ್ದಕ್ಕಾಗಿ.

ತಮ್ಮ ಮಧ್ಯಾಹ್ನದ ಮಸೂದೆಯ ಫಲ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ನನ್ನನ್ನು ಎಬ್ಬಿಸುತ್ತಿದ್ದವಳು ಇಮೆಲ್ಡಾ. "ಅಕ್ಕಾ, ಸಂಬಳ ಇಲ್ದಿದ್ರೂ ಬರ್ತೀನಿ" ಎಂದಳು. "ಬಂದು ಮಕ್ಕಳಿಗೆ ಏನ್ ತಿನ್ನಿಸ್ತೀಯ, ನನ್ ಆಶೀರ್ವಾದಾನಾ? ಹೋಗು" ಎಂದು ಗದರಿಸಿ ಕಳಿಸಿದೆ. ಈಗ ಮಾಂಸದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದಾಳೆ. ತಮ್ಮ ಇಲಾಖೆಯ ಒಬ್ಬ ಗೃಹಸ್ಥರು ಫೋನಿನಲ್ಲಿ, "ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿ ಇದೆ ಮೇಡಂ, ಅಲ್ಲಿ ಎಲ್ಲಾ ಅವರೇ ನೋಡ್ಕೋತಾರೆ" ಎಂದರು. ನನಗೆ ಕೆಲಸವಿದೆ, ಸ್ವಾಮಿ. ನಮ್ಮ ವಾರಪತ್ರಿಕೆಗೆ ಶಾಲಾ ಹುಡುಗರ ಫುಟ್‌ಬಾಲ್ ಪಂದ್ಯಗಳ ವರದಿಯನ್ನು ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ, ಎಡಗೈಯ ಒಂದೇ ಬೆರಳಿನಲ್ಲಿ. ನೆಟ್ಟಗೆ ನಿಲ್ಲಲಾಗದವಳು ಆಟಗಾರರ ಕಾಲಿನ ತಪ್ಪು ಹೇಳುತ್ತಾಳೆಂದು ಊರಿನ ಕೋಚುಗಳು ನನ್ನನ್ನು ಬೈಯುತ್ತಾರೆ. ಆ ಬೈಗುಳ ನನ್ನ ಸಂಪಾದನೆ. ಅದನ್ನು ಬಿಟ್ಟು ನಿಮ್ಮ ಖಾಲಿ ಹಾಸಿಗೆ ತುಂಬಲು ನಾನು ಬದುಕಿ ಉಳಿದೆನೆ?

ಇಮೆಲ್ಡಾ ಹೋದ ಮರುವಾರ ನಾನೇ ಏಳಲು ಹೋದೆ. ಮಂಚದಿಂದ ಜಾರಿ ಬಿದ್ದೆ. ಇದ್ದೊಂದು ಒಳ್ಳೆಯ ಕೈ ಮೈಕೆಳಗೆ ಸಿಕ್ಕಿ ಮಣಿಕಟ್ಟು ಮುರಿಯಿತು. ಮೇಜಿನ ಮೇಲೆ ರೇಡಿಯೋ ಹಾಡುತ್ತಿತ್ತು. ಜೋಳದ ಧಾರಣೆ ಬಂತು, ಹವಾಮಾನ ಬಂತು, ಆಮೇಲೆ ತಾವು ಬಂದಿರಿ. "ಪ್ರತಿಯೊಂದು ಜೀವವೂ ಅಮೂಲ್ಯ" ಎಂದಿರಿ, ಚುನಾವಣೆಯ ಜಾಹೀರಾತಿನಲ್ಲಿ. ಕೈಚಾಚಿ ಆರಿಸೋಣವೆಂದರೆ ಕೈಯಿಲ್ಲ. ಒದ್ದೆಯಾದ ನೆಲದ ಮೇಲೆ ಬಿದ್ದುಕೊಂಡು ತಮ್ಮನ್ನು ಪೂರ್ತಿ ಕೇಳಿದ ಏಕೈಕ ಮತದಾರಳು ಬಹುಶಃ ನಾನೇ. ಇಮೆಲ್ಡಾ ಇಲ್ಲವೆಂದು ನನ್ನನ್ನು ನೋಡಿಹೋಗಲು, ಶಾಲೆಯ ಅಡುಗೆ ಮುಗಿಸಿ ಮಧ್ಯಾಹ್ನ ಬಂದ ಕಾರ್ಲೀನ್ ನನ್ನನ್ನು ಕಂಡು ಕೈಚೀಲ ಕೆಳಗಿಟ್ಟಳು. ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು, ನನ್ನ ತಲೆಯನ್ನು ತೊಡೆಯ ಮೇಲೆತ್ತಿಕೊಂಡು, "ಈ ಸಲ ಯಾರು ಏನ್ ಹೇಳಿದ್ರೂ ನಾನು ಎದ್ದು ಹೋಗಲ್ಲ" ಎಂದಳು. ಆಂಬುಲೆನ್ಸಿನವರು ಬಂದು ಸರಿಯಿರಿ ಎಂದಾಗಲೂ ಸರಿಯಲಿಲ್ಲ. ಬೆನ್ನುನೋವಿನ ಅರವತ್ತೆರಡರ ಹೆಂಗಸು ಈಗ ದಿನಾ ಬೆಳಿಗ್ಗೆ ನನ್ನನ್ನು ಎತ್ತುತ್ತಾಳೆ. ಎಷ್ಟು ದಿನ ಎತ್ತಿಯಾಳು? ತಮ್ಮ ಕಲಮಿನ ಪ್ರಕಾರ ಇವಳೇ ಅಪರಾಧಿ. ಕೈಯೆತ್ತಿದ ತಾವು ಜೀವರಕ್ಷಕರು.

ಆದ್ದರಿಂದ ನನ್ನ ಬೇಡಿಕೆ, ಬೇಡಿಕೊಳ್ಳುವ ದನಿಯಲ್ಲಲ್ಲ. ಮನೆಗೆ ಬಂದು ನೋಡಿಕೊಳ್ಳುವವರನ್ನು ತೆಗೆದುಹಾಕಿದ ಮಸೂದೆಯನ್ನು ಈ ಅಧಿವೇಶನದಲ್ಲೇ ಹಿಂತೆಗೆದುಕೊಳ್ಳಿ, ನನಗೊಬ್ಬಳಿಗಲ್ಲ, ಹಾಸಿಗೆಯಲ್ಲಿ ಕಾಯುತ್ತಿರುವ ಎಲ್ಲರಿಗೂ. ಹದಿನಾರರ ಹುಡುಗಿಯರನ್ನು ಜೈಲಿಗೆ ಕಳಿಸುವ ಕಲಮನ್ನು ಹರಿದುಹಾಕಿ. ಅಲ್ಲಿಯವರೆಗೆ ನನ್ನ ಚಿತ್ರವನ್ನಾಗಲಿ, ಕಥೆಯನ್ನಾಗಲಿ ಮುಟ್ಟಬೇಡಿ. ಇಷ್ಟು ಕಾಲ ಅದರಿಂದ ಮತ ಪಡೆದಿರಿ. ಇನ್ನು ಅದನ್ನು ಹೇಳುವವಳು ನಾನು, ನಿಧಾನವಾಗಿ, ತೊದಲುತ್ತ, ಮೈಕು ಕೊಟ್ಟವರ ಮುಂದೆಲ್ಲ.

ಇಂತಿ,
ತಾವು ಉಳಿಸಿದಿರೆಂದು ಹೇಳಿಕೊಳ್ಳುವ, ತಮ್ಮ ಕೈಯಿಂದ ಸದ್ಯಕ್ಕೆ ಉಳಿದುಕೊಂಡಿರುವ
ಟ್ವೈಲಾ ಹ್ರುಸ್ಕಾ

ಕೈಗೆ ಪಟ್ಟಿ ಕಟ್ಟಿರುವುದರಿಂದ ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡವಳು: ಕಾರ್ಲೀನ್, ನನ್ನ ತಾಯಿ.